ಅಪ್‌ಡೇಟ್: ತುದಿ ಎರಡಾಗಿ ಸೀಳಿದ್ದ 0 ನಂಬರ್ ಬ್ರಷ್ ಸರಿ ಹೋಯ್ತು

ಹತ್ತು ದಿನದ ಹಿಂದೆ ಕೇಳಿದ್ನಲ್ಲ, ಮೈಸೂರು ಶೈಲಿ ಚಿತ್ರಕ್ಕೆ ಆಭರಣದ ಗೆರೆ ಎಳೆಯೋ ಸೇಬಲ್ (ಪ್ರಾಣಿ ಕೂದಲಿನ) ಬ್ರಷ್ ತುದಿ ಕೂಡ್ತಾನೇ ಇಲ್ಲ ಅಂತ, ಅದರ ಕಥೆ ಹೇಳ್ತೀನಿ.

ಮೊದಲು ಬಿಸಿನೀರು ಟ್ರೈ ಮಾಡಿದೆ, ಸೇಬಲ್‌ಗೆ ಏನೂ ಉಪಯೋಗ ಆಗ್ಲಿಲ್ಲ, ಆದ್ರೆ ಅದೇ ನೀರಲ್ಲಿ ಕೊಕ್ಕೆ ತರ ಬಾಗಿದ್ದ ಸಿಂಥೆಟಿಕ್ ಬ್ರಷ್ ನೆಟ್ಟಗಾಯ್ತು. ಸೇಬಲ್‌ನ ಮಾತ್ರ ಬಿಸಿನೀರಲ್ಲಿ ನೆನೆಸಿಡ್ಬೇಡಿ, ಒಳಗಿನ ಅಂಟು ಸಡಿಲ ಆಗಿ ಕೂದಲು ಉದುರುತ್ತೆ. ಕಂಡೀಷನರ್‌ನಿಂದ ಕೂದಲು ಮೃದು ಆಯ್ತು ಅಷ್ಟೇ, ಸೀಳು ಹಾಗೇ ಇತ್ತು.

ಕೆಲಸ ಮಾಡಿದ್ದು ಸೋಪ್ ಐಡಿಯಾ, ಹೇಳಿದವ್ರಿಗೆ ತುಂಬಾ ಥ್ಯಾಂಕ್ಸ್! ಅಂಗೈಲಿ ಸೋಪ್ ನೊರೆ ಮಾಡಿ ಬ್ರಷ್ ಮೆಲ್ಲಗೆ ಸುತ್ತಿಸ್ತಾ ಇದ್ರೆ ಲೋಹದ ಕೊಳವೆ ಬುಡದಿಂದ ಹಳೇ ಬಣ್ಣ ಬರ್ತಾನೇ ಇತ್ತು, ನಾನು ತೊಳೆದು ಕ್ಲೀನ್ ಆಗಿದೆ ಅಂದ್ಕೊಂಡಿದ್ದ ಬ್ರಷ್ ಅದು! ನಾಲ್ಕು ಸಲ ಮಾಡಿ, ಕೊನೇಲಿ ಸ್ವಲ್ಪ ಸೋಪ್ ಹಾಗೇ ಬಿಟ್ಟು ಬೆರಳಲ್ಲಿ ತುದಿ ಚೂಪು ಮಾಡಿ ಎರಡು ದಿನ ಒಣಗಿಸಿದೆ. ಬುಡದಲ್ಲಿ ಕೂತ ಬಣ್ಣನೇ ಕೂದಲನ್ನ ಅಗಲಿಸ್ತಿತ್ತಂತೆ.

ಈಗ ಬಣ್ಣ ಕೂದಲಿನ ಅರ್ಧಕ್ಕಿಂತ ಮೇಲೆ ಹೋಗೋಕೆ ಬಿಡಲ್ಲ, ಒದ್ದೆ ಬ್ರಷ್ ಮಲಗಿಸಿ ಒಣಗಿಸ್ತೀನಿ, ಆಮೇಲೇ ಕ್ಯಾಪ್. ಇನ್ನೊಂದು ಗೊತ್ತೇ ಇರ್ಲಿಲ್ಲ, ಉಣ್ಣೆ ಬಟ್ಟೆ ತಿನ್ನೋ ಹುಳ ಸೇಬಲ್ ಕೂದಲನ್ನೂ ತಿನ್ನುತ್ತಂತೆ. ಅದಕ್ಕೆ ತಿಂಗಳುಗಟ್ಟಲೆ ಮುಟ್ಟದ ಬ್ರಷ್‌ಗಳೆಲ್ಲ ಈಗ ಗಟ್ಟಿ ಮುಚ್ಚಳದ ಡಬ್ಬಿಲಿ, ಚೆನ್ನಾಗಿ ಒಣಗಿದ ಮೇಲೆ.