ಚಿಟ್ಟೆ ರೆಕ್ಕೆಯ ‘ಸೆಲ್’ಗೆ ಕನ್ನಡದಲ್ಲಿ ಏನನ್ನೋಣ?

ಚಿಟ್ಟೆಯ ಫೋಟೋ ತೆಗೆದು ಜೊತೆಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯೋಣ ಅಂತ ಕೂತಾಗೆಲ್ಲ ಒಂದೇ ಪದದ ಹತ್ತಿರ ನಿಂತುಬಿಡುತ್ತೇನೆ. ಅದು ‘ಸೆಲ್’.

ಕಾಮನ್ ಗ್ರಾಸ್ ಯೆಲ್ಲೋ ಮತ್ತು ಥ್ರೀ-ಸ್ಪಾಟ್ ಗ್ರಾಸ್ ಯೆಲ್ಲೋ, ಈ ಎರಡನ್ನೇ ನೋಡಿ. ಹಾರುವಾಗ ಎರಡೂ ಒಂದೇ ಥರ, ಹಳದಿ ರೆಕ್ಕೆ, ಕಪ್ಪು ಅಂಚು. ಕೂತ ತಕ್ಷಣ ರೆಕ್ಕೆ ಮಡಚಿಬಿಡುತ್ತವೆ. ಆಗ ಪಕ್ಕದಿಂದ, ಇಡೀ ರೆಕ್ಕೆ ಫೋಕಸ್‌ನಲ್ಲಿ ಬರುವ ಹಾಗೆ ತೆಗೆದರೆ ಗುರುತು ಹಿಡಿಯಬಹುದು. ಮುಂದಿನ ರೆಕ್ಕೆಯ ಬುಡದಿಂದ ನಡುವಿನವರೆಗೆ ನರಗಳು ಸುತ್ತುವರಿದ ಉದ್ದನೆಯ ಜಾಗ ಒಂದಿದೆ. ಅದೇ ಸೆಲ್. ಅದರೊಳಗೆ ಕಾಮನ್‌ಗೆ ಸಾಮಾನ್ಯವಾಗಿ 2 ಸಣ್ಣ ಗುರುತು, ಥ್ರೀ-ಸ್ಪಾಟ್‌ಗೆ 3. ಆ ಜಾಗ ಮುಗಿಯುವಲ್ಲಿ, ನರದ ಮೇಲೇ, ಬೀನ್ಸ್ ಕಾಳಿನಂಥ ಇನ್ನೊಂದು ಗುರುತು ಇರುತ್ತೆ. ಅದನ್ನು ಲೆಕ್ಕಕ್ಕೆ ಹಿಡಿಯಬಾರದು! ನಾನು ಅದನ್ನೂ ಸೇರಿಸಿ ಎಣಿಸಿ, ಎಷ್ಟೋ ಫೋಟೋಗಳಿಗೆ ತಪ್ಪು ಹೆಸರು ಬರೆದಿದ್ದೆ. ಹಾಗಾಗಿ ‘ಒಳಗೆ’ ಅಂದರೆ ಯಾವುದರ ಒಳಗೆ ಅಂತ ಹೇಳೋಕೆ ಒಂದು ಪದ ಬೇಕೇಬೇಕು.

‘ಕೋಶ’ ಸುಲಭಕ್ಕೆ ಸಿಗುತ್ತೆ, ಆದರೆ ಚಿಟ್ಟೆ ವಿಷಯದಲ್ಲಿ ಕೋಶ ಅಂದರೆ ಕಂಬಳಿಹುಳು ಚಿಟ್ಟೆಯಾಗುವ ಮುಂಚಿನ ಹಂತ ಅಲ್ವಾ? ಅದೂ ಅಲ್ಲದೆ ಜೀವಕೋಶ ಬೇರೆ ಇದೆ. ‘ರೆಕ್ಕೆಯ ಕೋಶದಲ್ಲಿ ಎರಡು ಚುಕ್ಕಿ’ ಅಂತ ಬರೆದರೆ, ಓದುವವರು ಮೈಕ್ರೋಸ್ಕೋಪಿನಲ್ಲಿ ನೋಡಬೇಕೇನೋ ಅಂದುಕೊಳ್ಳುತ್ತಾರೆ. ‘ಮನೆ’ ಅನ್ನಬಹುದು, ಚೌಕಾಬಾರದ ಮನೆ ಇದ್ದ ಹಾಗೆ. ನನಗೆ ಜಾಸ್ತಿ ಹಿಡಿಸಿದ್ದು ‘ಅಂಕಣ’. ಕಂಬ ಕಂಬಗಳ ನಡುವಿನ ಜಾಗಕ್ಕೆ ಅಂಕಣ ಅಂತೀವಲ್ಲ, ಇಲ್ಲಿ ನರಗಳೇ ಕಂಬ. ‘ನಡು ಅಂಕಣ’ ಅಂದರೆ ಜಾಗವೂ ಗೊತ್ತಾಗುತ್ತೆ. ಪತ್ರಿಕೆಯ ಅಂಕಣ ಇಲ್ಲಿ ಅಷ್ಟೇನೂ ಅಡ್ಡ ಬರಲ್ಲ ಅನ್ನಿಸುತ್ತೆ.

ಇನ್ನೊಂದು ತೊಡಕು ‘ಕೆಳಮೈ’. ಈ ಗುರುತುಗಳೆಲ್ಲ ಇರೋದು ರೆಕ್ಕೆಯ ಕೆಳಮೈಯಲ್ಲಿ, ಆದರೆ ರೆಕ್ಕೆ ಮಡಚಿ ಕೂತ ಚಿಟ್ಟೆಯಲ್ಲಿ ಹೊರಗೆ ಕಾಣೋದೇ ಅದು. ‘ಹೊರಮೈ’ ಅಂತ ಬರೆದರೆ ಫೋಟೋಗೆ ಸರಿ, ರೆಕ್ಕೆ ಬಿಚ್ಚಿದ ಚಿಟ್ಟೆಗೆ ತಪ್ಪು. ನಾನು ಸದ್ಯಕ್ಕೆ ಕೆಳಮೈ ಅಂತಲೇ ಬರೆದು, ಪಕ್ಕದಲ್ಲಿ ‘ಮಡಚಿದಾಗ ಕಾಣುವ ಬದಿ’ ಅಂತ ಸೇರಿಸುತ್ತಿದ್ದೇನೆ.

ನೀವು ಈ ಎರಡಕ್ಕೂ ಯಾವ ಪದ ಬಳಸುತ್ತೀರಿ? ‘ನಡು ಅಂಕಣ’ ಓದೋಕೆ ತೊಡಕಾಗುತ್ತಾ?