ಮೂರೆಂಟ್ಲಿ ಹದಿಮೂರು

“ಮುಂದಿನ ಮೂರು ಹಲ್ಲುಚಕ್ರದಲ್ಲಿ ಎರಡನ್ನು ಕಿತ್ತು ಬಿಸಾಡಿ ಹೆಗಡೇರೆ,” ಎಂದುಬಿಟ್ಟರು ಕಾರವಾರದ ನಾಯ್ಕರು.

ಶಿರಸಿ ಕಡೆ ಯಾರಿಗಾದರೂ ಏನನ್ನಾದರೂ ಬಿಸಾಡಿ ಎನ್ನುವ ಮೊದಲು ಸ್ವಲ್ಪ ಯೋಚಿಸಬೇಕು. ಹೆಗಡೇರ ಅಟ್ಟದಲ್ಲಿ ಅಜ್ಜನ ಕಾಲದ ಕೊಡೆಯ ಕಡ್ಡಿಗಳೂ ಹಾಗೇ ಇವೆ.

“ಬಿಸಾಡೋದಾ? ಮೌಂಟನ್ ಬೈಕು ಮಾರಾಯ್ರೆ ಇದು! ಮುಂದೆ ಮೂರು, ಹಿಂದೆ ಎಂಟು. ಮೂರೆಂಟ್ಲಿ ಇಪ್ಪತ್ನಾಲ್ಕು ಗೇರು. ನಿಮಗೆ ಲೆಕ್ಕ ಬರಲ್ವಾ?”

ಲೆಕ್ಕ ಎಂದದ್ದೇ ತಡ, ಜಗಲಿಯಲ್ಲಿ ಕವಳ ಹಾಕುತ್ತಿದ್ದ ಮಾಸ್ತರು ನೆಟ್ಟಗೆ ಕೂತರು. ನಿವೃತ್ತರಾದ ಮೇಲೆ ಅವರನ್ನು ಲೆಕ್ಕ ಕೇಳುವವರೇ ಇಲ್ಲ.

“ಮೂರೆಂಟ್ಲಿ ಹದಿಮೂರು,” ಎಂದರು.

ಬಾಯಲ್ಲಿ ಕವಳ ಇದ್ದದ್ದಕ್ಕೆ ಹಾಗೆ ಕೇಳಿಸಿತೇನೋ ಅಂದುಕೊಂಡೆ. ಅಲ್ಲ. ಅವರು ಅಂಗಳಕ್ಕಿಳಿದು, ತಲೆಕೆಳಗಾಗಿ ನಿಲ್ಲಿಸಿದ್ದ ಸೈಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಹಲ್ಲು ಎಣಿಸಿದರು. ಬೆರಳೆಲ್ಲ ಗ್ರೀಸು. ಮುಂದೆ 42, 32, 22. ಹಿಂದೆ 11ರಿಂದ ಶುರುವಾಗಿ 13, 15, 17, 20, 23, 26, ಕೊನೆಗೆ 34. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಭಾಗಾಕಾರ ಶುರುವಾಯಿತು.

“ಮುಂದಿನ ಹಲ್ಲನ್ನು ಹಿಂದಿನ ಹಲ್ಲಿನಿಂದ ಭಾಗಿಸಿ. ಪೆಡಲು ಒಂದು ಸುತ್ತು ತುಳಿದರೆ ಹಿಂದಿನ ಗಾಲಿ ಎಷ್ಟು ಸುತ್ತುತ್ತದೆ ಅಂತ ಸಿಗುತ್ತದೆ. ಈಗ ನೋಡಿ, 42 ಮತ್ತು 34, 1.24 ಸುತ್ತು. 32 ಮತ್ತು 26, 1.23. ಏನು ವ್ಯತ್ಯಾಸ?”

“ಪಾಯಿಂಟ್ ಸೊನ್ನೆ ಒಂದು,” ಎಂದರು ಹೆಗಡೇರು.

“ಅದು ನಿಮ್ಮ ಕಾಲಿಗೆ ಗೊತ್ತಾಗುತ್ತಾ? 42 ಮತ್ತು 17, 2.47. 32 ಮತ್ತು 13, 2.46. 42 ಮತ್ತು 26, 1.62. 32 ಮತ್ತು 20, 1.6. ಹೀಗೇ ಒಂದರ ಮೇಲೊಂದು. ಹತ್ತಿರ ಹತ್ತಿರದವನ್ನೆಲ್ಲ ಒಂದೇ ಅಂತ ಹಿಡಿದರೆ ಬೇರೆ ಬೇರೆ ಅನ್ನಿಸೋದು ಹದಿಮೂರು. ಅದರಲ್ಲೂ ದೊಡ್ಡದಕ್ಕೆ ದೊಡ್ಡದು, ಸಣ್ಣದಕ್ಕೆ ಸಣ್ಣದು ಹಾಕಿದರೆ ಚೈನು ಓರೆಯಾಗಿ ಸವೆಯುತ್ತದೆ.”

ಕಾಫಿ ತಂದಿಟ್ಟ ಅತ್ತಿಗೆ ನಿಂತಲ್ಲೇ ಹೇಳಿದರು, “ನಮ್ಮನೇಲೂ ಹತ್ತು ಭರಣಿ ಉಪ್ಪಿನಕಾಯಿ ಇದೆ. ಇವರು ದಿನಾ ಕೇಳೋದು ಅಪ್ಪೆಮಿಡಿ ಒಂದನ್ನೇ.”

ನಾಯ್ಕರಿಗೆ ಬಲ ಬಂತು. ಅವರದು ಮುಂದೆ ಒಂದು, ಹಿಂದೆ 12 ಇರುವ ಸೈಕಲ್ಲು. ಸುಮ್ನೆ ಕೂರುವ ಜನವೂ ಅಲ್ಲ. ಸೈಕಲ್ಲಿನ ಬಿಡಿಭಾಗ ಮಾಡುವ ಸ್ರ್ಯಾಮ್ ಕಂಪನಿ 2012ರಲ್ಲಿ ಮುಂದೆ ಒಂದೇ ಇಟ್ಟು ಹಿಂದೆ 11 ಕೊಟ್ಟದ್ದು, 2016ರಲ್ಲಿ ಹಿಂದೆ 10ರಿಂದ 50 ಹಲ್ಲಿನ ತನಕ 12 ಮಾಡಿದ್ದು, ಎಲ್ಲ ಪುರಾಣ ಬಿಚ್ಚಿದರು. ಮಾಸ್ತರು ನಡುವೆಯೇ ಭಾಗಿಸಿ ನೋಡಿದರು. 32ನ್ನು 50ರಿಂದ ಭಾಗಿಸಿದರೆ 0.64. ಹೆಗಡೇರ ಅತಿ ಹಗುರದ ಗೇರು, 22 ಮತ್ತು 34, 0.65. ಏರು ಹತ್ತಲು ಎರಡೂ ಒಂದೇ. ಕಳೆದುಕೊಳ್ಳುವುದು ಅತಿ ವೇಗದ ಒಂದು ಗೇರು ಮಾತ್ರ. ದೇವಿಮನೆ ಘಟ್ಟ ಇಳಿಯುವಾಗ ಯಾರು ಪೆಡಲು ತುಳಿಯುತ್ತಾರೆ? ಎರಡೂ ಕೈ ಬ್ರೇಕಿನ ಮೇಲೇ ಇರುತ್ತವೆ.

“ಹಾಗಾದ್ರೆ ನಾನೂ 12 ಹಾಕಿಸ್ತೇನೆ,” ಎಂದರು ಹೆಗಡೇರು.

ಅಲ್ಲಿ ನಾಯ್ಕರ ದನಿ ಸ್ವಲ್ಪ ತಗ್ಗಿತು. 10 ಹಲ್ಲಿನದು ಕೂರಬೇಕಾದರೆ ಹಿಂದಿನ ಗಾಲಿಯ ನಡುವಿನ ಹಬ್ಬೇ ಬೇರೆ ಬೇಕು. ಗೇರು ಬದಲಿಸುವ ಶಿಫ್ಟರ್, ಚೈನನ್ನು ಒಂದು ಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಡಿರೇಲರ್, ಚೈನು ಎಲ್ಲ ಹೊಸತು. ಲೆಕ್ಕ ಹಾಕಿದರೆ ಮೂಗಿಗಿಂತ ಮೂಗುತಿ ಭಾರ. ನನ್ನ ಕೇಳಿದರೆ ಇಂಥ ಸೈಕಲ್ಲಿಗೆ ಅದು ದಂಡ. ಎಂಟು ಗೇರಿನಲ್ಲೇ 11ರಿಂದ 40 ಹಲ್ಲಿನ ಕ್ಯಾಸೆಟ್, ಅಂದರೆ ಹಿಂದಿನ ಚಕ್ರಗಳ ಗೊಂಚಲು, ಸಿಗುತ್ತದೆ. ಮುಂದೆ 30 ಹಲ್ಲಿನದೊಂದು. 0.75 ಬಂತು, ಸಾಕಲ್ವಾ?

“ಸಾಕಾಗಲ್ಲ!” ಎಂದರು ಹೆಗಡೇರು. “ಆ 0.65 ಇಲ್ಲದೆ ಘಟ್ಟ ಹತ್ತೋದು ಹ್ಯಾಗೆ? ಕುಮಟಾದಿಂದ ಶಿರಸಿಗೆ ಬರೋದು ಅಂದ್ರೆ ಸಮುದ್ರದಿಂದ ಸುಮಾರು 600 ಮೀಟರ್ ಮೇಲಕ್ಕೆ ಬರಬೇಕು.”

ಮಾಸ್ತರು ಮತ್ತೆ ಬರೆದರು. ಗಾಲಿಯ ಸುತ್ತಳತೆ ಸುಮಾರು 2.2 ಮೀಟರ್. ನಿಮಿಷಕ್ಕೆ 60 ಸಲ ಪೆಡಲು ತಿರುಗಿಸಿದರೆ 0.65ರಲ್ಲಿ ಗಂಟೆಗೆ 5 ಕಿಲೋಮೀಟರ್.

“ಅಂದ್ರೆ?”

“ಅಂದ್ರೆ ನಾನು ಪಕ್ಕದಲ್ಲಿ ಕೊಡೆ ಹಿಡ್ಕೊಂಡು ನಡೆದು ಬರ್ತೇನೆ. ಇಬ್ಬರೂ ಒಟ್ಟಿಗೇ ಶಿರಸಿ ಮುಟ್ತೇವೆ.”

ಹೆಗಡೇರು ಮಾತಾಡಲಿಲ್ಲ. ನಾಯ್ಕರು ಬಗ್ಗಿ ಮುಂದಿನ ಡಿರೇಲರ್ ತೋರಿಸಿದರು. ಚೈನನ್ನು ಅತ್ತಿತ್ತ ತಳ್ಳುವ ಆ ತಗಡಿನ ಬಾಯಿ ತುಂಬ ಒಣಗಿದ ಕೆಂಪು ಮಣ್ಣು. ಅದರೊಳಗೆ ಅಡಿಕೆ ಸೋಗೆಯ ನಾರು ಸಿಕ್ಕಿಕೊಂಡು ಗಟ್ಟಿಯಾಗಿತ್ತು. ಮಳೆಗಾಲ ಪೂರ್ತಿ ಅದು ಕೆಲಸ ಮಾಡಿರಲಿಕ್ಕಿಲ್ಲ. ಹೆಗಡೇರು ಅಷ್ಟು ದಿನವೂ ನಡುವಿನ ಚಕ್ರದಲ್ಲೇ ಓಡಾಡಿದ್ದಾರೆ, ಅವರಿಗೇ ಗೊತ್ತಿಲ್ಲ! ಕಾರವಾರದಲ್ಲಾದರೆ ಉಪ್ಪುಗಾಳಿಗೆ ಅದರ ಕೇಬಲ್ಲೂ ತುಕ್ಕು ಹಿಡಿಯುತ್ತದಂತೆ.

“ಡಿರೇಲರ್ ತೆಗೆದರೆ ಚೈನು ಬೀಳಲ್ವಾ?” ನಾನು ಕೇಳಿದೆ.

ನಾಯ್ಕರು ಚೀಲದಿಂದ ಒಂದು ಹೊಸ ಚಕ್ರ ತೆಗೆದರು. ನೋಡಲಿಕ್ಕೆ ಚೆಂದ. ಒಂದು ಹಲ್ಲು ದಪ್ಪ, ಪಕ್ಕದ್ದು ತೆಳು, ಮತ್ತೆ ದಪ್ಪ. ಚೈನಿನಲ್ಲೂ ಒಂದು ಕೊಂಡಿಯ ಸಂದು ಅಗಲ, ಮುಂದಿನದು ಕಿರಿದು. ದಪ್ಪ ಹಲ್ಲು ಅಗಲ ಸಂದಿಗೆ ಕೂತರೆ ಚೈನು ಅಲ್ಲಾಡಲ್ಲ. ಹಲ್ಲಿನ ಸಂಖ್ಯೆ ಸಮ ಇರಲೇಬೇಕು. 30, 32, 34 ಸಿಗುತ್ತದೆ, 31 ಸಿಗಲ್ಲ. ಮಾಸ್ತರಿಗೆ ಇದು ಬಹಳ ಹಿಡಿಸಿತು. ಆ ಚಕ್ರವನ್ನು ಆಮೇಲೆ ಯಾರ ಕೈಗೂ ಕೊಡಲಿಲ್ಲ.

ಹಾಕೋಣ ಎಂದು ನಾಯ್ಕರು ಸ್ಪ್ಯಾನರ್ ತೆಗೆದರು, ಹುಡುಕಿದರು. ಬೋಲ್ಟೇ ಇಲ್ಲ. ಮುಂದಿನ ಮೂರೂ ಚಕ್ರವನ್ನು ಪೆಡಲಿನ ತೋಳಿಗೆ, ಅಂದರೆ ಕ್ರ್ಯಾಂಕಿಗೆ, ರಿವೆಟ್ ಹೊಡೆದು ಕೂರಿಸಿದ್ದಾರೆ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಇದೊಂದು ಕಾಟ. ಒಂದನ್ನು ಬದಲಿಸಬೇಕೆಂದರೆ ಕ್ರ್ಯಾಂಕನ್ನೇ ಬದಲಿಸಬೇಕು.

“ಹಳೇ ಕ್ರ್ಯಾಂಕ್ ಅಟ್ಟಕ್ಕೆ ಹೋಗ್ಲಿ,” ಎಂದರು ಹೆಗಡೇರು. ಅಷ್ಟರಮಟ್ಟಿಗೆ ಒಪ್ಪಿದ ಹಾಗಾಯಿತು. ಆದರೆ ಮುಖ ಇನ್ನೂ ಸಡಿಲ ಆಗಿರಲಿಲ್ಲ. “24ರಲ್ಲಿ 8 ಉಳೀತು. 16 ಗೇರು ಹೋಯ್ತು. ಅಷ್ಟರ ದುಡ್ಡು ಅಂಗಡಿಯವ ವಾಪಸ್ ಕೊಡ್ತಾನಾ ಕೇಳಬೇಕು.”

“ಐದರದು ಕೇಳಿ,” ಎಂದರು ಮಾಸ್ತರು. “ಉಳಿದ ಹನ್ನೊಂದು ಅವ ಕೊಟ್ಟೇ ಇರಲಿಲ್ಲ.”