ಫಿಲ್ಟರ್ ಕಾಫಿ: ಒಬ್ಬೊಬ್ಬರು ಒಂದೊಂದು ಹೇಳ್ತಾರ, ಯಾರ ಮಾತು ನಂಬಬೇಕು?

ಸಿಂಧನೂರಿನವ:
ಸ್ಟೀಲ್ ಫಿಲ್ಟರ್‌ದಾಗ ಡಿಕಾಕ್ಷನ್ ಹಾಕೋದು ಹೆಂಗ ಅಂತ ನೆಟ್‌ನಾಗ ಹುಡುಕಿದ್ರ ಒಂದಕ್ಕೊಂದು ತಾಳಮೇಳ ಇಲ್ಲ. ಕುದಿಯೋ ನೀರೇ ಹಾಕ್ರಿ ಅಂತ ಒಬ್ರು, ಆರಿಸಿ ಹಾಕ್ರಿ ಅಂತ ಇನ್ನೊಬ್ರು. ಪುಡಿ ಗಟ್ಟಿಯಾಗಿ ಅದುಮ್ರಿ ಅಂತಾರ, ಅದುಮಲೇಬ್ಯಾಡ್ರಿ ಅಂತಾರ. ಪೀಬೆರಿನೇ ಶ್ರೇಷ್ಠ ಅಂತ ಎಲ್ಲಾ ಕಡೆ ಅದ, ಯಾಕ ಅಂತ ಎಲ್ಲೂ ಇಲ್ಲ. ನಮ್ಮ ಕಡೆ ಚಾ ಕುಡಿಯೋರೇ ಹೆಚ್ಚು, ಅಂಗಡ್ಯಾಗ ಕೇಳಿ ತಿಳ್ಕೊಳ್ಳಾಕ ಆಗಂಗಿಲ್ಲ. ಈಗ 3 ಚಮಚ ಪುಡಿ, ಒಂದು ಲೋಟ ಬೋರ್ ನೀರು. ಡಿಕಾಕ್ಷನ್ ಕಪ್ಪಗದ, ಹಾಲಿಗೆ ಹಾಕಿದ್ರ ಸಪ್ಪಗ. ನಂಬೋ ಮಾಹಿತಿ ಎಲ್ಲಿ ಸಿಗ್ತದ, ಅದನ್ನ ಗುರುತು ಹಿಡಿಯೋದು ಹೆಂಗ?

ಗಂಗಾವತಿ ಫಿಲ್ಟರ್:
ಬರೆದವರು ಅಳತಿ ಕೊಟ್ಟಾರೋ ಇಲ್ಲೋ ಅನ್ನೋದನ್ನ ಮೊದಲು ನೋಡ್ರಿ. ಪುಡಿ ಎಷ್ಟು ಗ್ರಾಂ, ನೀರು ಎಷ್ಟು ಮಿ.ಲೀ., ಚಿಕೋರಿ (ಕಾಫಿಗೆ ಬೆರೆಸೋ ಹುರಿದ ಬೇರಿನ ಪುಡಿ) ಎಷ್ಟು. ಇವು ಮೂರೂ ಇಲ್ಲದ ವಿಡಿಯೋ ಎಷ್ಟು ಚಂದ ಇದ್ರೂ ನಿಮ್ಮ ಅಡಿಗಿ ಮನಿಗೆ ಉಪಯೋಗ ಇಲ್ಲ. ಚಮಚದ ಲೆಕ್ಕ ಬಿಡ್ರಿ, ಒಬ್ಬೊಬ್ಬರ ಮನ್ಯಾಗ ಒಂದೊಂದು ಸೈಜ್ ಇರ್ತೈತಿ.

ಕಪ್ಪಗ ಐತಿ ಅಂದ್ರ ಗಟ್ಟಿ ಐತಿ ಅಂತಲ್ಲ. ಚಿಕೋರಿ ನೀರಾಗ ಕಾಫಿಗಿಂತ ಹೆಚ್ಚು ಕರಗತೈತಿ, ಬಣ್ಣ ಬಿಡತೈತಿ, ಕಾಫಿಯ ರುಚಿ ಕೊಡಂಗಿಲ್ಲ. ಪಾಕೀಟು ತಿರುವಿ ನೋಡ್ರಿ: ಮಿಶ್ರಣ ಆಗಿದ್ರ ಕಾಫಿ ಮತ್ತು ಚಿಕೋರಿ ಶೇಕಡಾವಾರು ಎಷ್ಟು ಅಂತ ಅಚ್ಚು ಹಾಕಲೇಬೇಕು, ಕಾಫಿ ಶೇ. 51ಕ್ಕಿಂತ ಕಡಿಮಿ ಇರಂಗಿಲ್ಲ. 60:40 (ಕಾಫಿ 60, ಚಿಕೋರಿ 40) ಪುಡಿಗೆ ಹೇಳಿದ ವಿಧಾನ ಬರೀ ಕಾಫಿಪುಡಿಗೆ ಹೊಂದಂಗಿಲ್ಲ. ನೆಟ್‌ನಾಗಿನ ಅರ್ಧ ಜಗಳ ಇಲ್ಲೇ ಹುಟ್ಟತೈತಿ.

80:20 ಪುಡಿಗೆ ಹೀಂಗ ಮಾಡ್ರಿ. 30 ಗ್ರಾಂ ಪುಡಿ ಹಾಕಿ, ಫಿಲ್ಟರ್ ಮೆಲ್ಲಗ ತಟ್ಟಿ ಸಮ ಮಾಡ್ರಿ. ಪುಡಿ ಮೇಲೆ ಇಡೋ ತೂತಿನ ತಟ್ಟೆ ತನ್ನ ಭಾರಕ್ಕೆ ಕೂತ್ರ ಸಾಕು. ನೀರು ಕುದ್ದ ಮೇಲೆ ಅರ್ಧ ನಿಮಿಷ ಬಿಟ್ಟು 30 ಮಿ.ಲೀ. ಸುತ್ತಲೂ ಹಾಕ್ರಿ. ಪುಡಿ ಉಬ್ಬಿದ ಮೇಲೆ ಉಳಿದ 120 ಮಿ.ಲೀ. ಹಾಕಿ ಮುಚ್ಚಳ ಮುಚ್ಚರಿ. 15-20 ನಿಮಿಷ ಬೇಕು. ಪುಡಿ ತನ್ನ ತೂಕದ ಹೆಚ್ಚುಕಡಿಮಿ ಎರಡರಷ್ಟು ನೀರು ಹಿಡ್ಕೊಂಡುಬಿಡತೈತಿ, ಹಂಗಾಗಿ ಕೆಳಗ ಸಿಗೋದು 90 ಮಿ.ಲೀ. ಆಸುಪಾಸು. ಐದೇ ನಿಮಿಷಕ್ಕೆ ಇಳಿದ್ರ ಪುಡಿ ದಪ್ಪ, ಇಲ್ಲಾ ಅಂಚಿನಾಗ ನೀರು ದಾರಿ ಮಾಡ್ಕೊಂಡೈತಿ. ಅರ್ಧ ತಾಸಾದ್ರೂ ಇಳೀಲಿಲ್ಲ ಅಂದ್ರ ಪುಡಿ ಹಿಟ್ಟಿನಂಗ ಐತಿ, ಇಲ್ಲಾ ಕೆಳಗಿನ ಪಾತ್ರ್ಯಾಗ ಗಾಳಿ ಸಿಕ್ಕೊಂಡೈತಿ. ಮೇಲಿನ ಪಾತ್ರಿ ಒಂದು ಸಲ ಸ್ವಲ್ಪ ಎತ್ತಿ ಇಡ್ರಿ, ಹನಿ ಶುರು ಆಗತೈತಿ.

ಕುದಿಯೋ ನೀರು, ಆರಿದ ನೀರು ಎರಡೂ ಸುಳ್ಳಲ್ಲ. ತಣ್ಣನ ಸ್ಟೀಲಿಗೆ ಬಿದ್ದ ಕೂಡಲೇ ಕುದಿಯೋ ನೀರಿನ ಬಿಸಿ ತಾನಾಗೇ ಇಳೀತೈತಿ. ಬಹಳ ಕಪ್ಪಗ ಹುರಿದ ಪುಡಿ ಆದ್ರ ಕಹಿ ತಗ್ಗಲಿ ಅಂತ ಆರಿಸ್ತಾರ. ಯಾವ ಪುಡಿಗೆ ಅಂತ ಹೇಳದೇ ಬರೀತಾರಲ್ಲ, ತಪ್ಪು ಅದು.

ಕೌಲ್‌ಬಜಾರ್:
ಸಪ್ಪಗಾಗೋಕೆ ಅರ್ಧ ಕಾರಣ ನೀರು. ಬೋರ್ ನೀರಿನಲ್ಲಿರೋ ಬೈಕಾರ್ಬೊನೇಟ್ ಕಾಫಿಯ ಹುಳಿಯನ್ನ ಕೊಂದುಬಿಡುತ್ತೆ, ಬಾಯಲ್ಲಿ ಸುಣ್ಣದ ಛಾಯೆ ಉಳಿಯುತ್ತೆ. ವಿದೇಶಿ ಸ್ಪೆಷಾಲಿಟಿ ಕಾಫಿಯವರ ಅಳತೆಯಲ್ಲಿ ನೀರಿನ ಟಿಡಿಎಸ್ (ಕರಗಿರೋ ಒಟ್ಟು ಪದಾರ್ಥ) ಲೀಟರಿಗೆ 150 ಮಿ.ಗ್ರಾಂ ಹತ್ತಿರ ಇರಬೇಕು, 75ರಿಂದ 250ರವರೆಗೆ ನಡೆಯುತ್ತೆ. ಬೆಂಗಳೂರಿನ ಕಾವೇರಿ ನೀರು ಇಟ್ಟುಕೊಂಡು ಹೇಳಿದ್ದು ನಮ್ಮ ಬಳ್ಳಾರಿ, ರಾಯಚೂರು ಬೋರಿಗೆ ಹಾಗೇ ಹೊಂದಲ್ಲ.

ಬರೀ ಆರ್‌ಒ ನೀರೂ ಬೇಡ, ಖನಿಜ ತೀರಾ ಕಡಿಮೆ ಆದರೆ ಕಾಫಿ ತೆಳು ಅನ್ನಿಸುತ್ತೆ. ಟಿಡಿಎಸ್ ಮೀಟರ್ ತಗೊಂಡು ಎರಡನ್ನೂ ಅಳೀರಿ. ಉದಾಹರಣೆಗೆ ಬೋರ್ 900, ಆರ್‌ಒ 40 ಬಂದ್ರೆ, ಒಂದು ಲೋಟ ಬೋರಿಗೆ ಏಳು ಲೋಟ ಆರ್‌ಒ ಸೇರಿಸಿದ್ರೆ ಸುಮಾರು 150ಕ್ಕೆ ಬರುತ್ತೆ. ಮೀಟರ್ ಒಟ್ಟು ಕರಗಿದ್ದನ್ನ ತೋರಿಸುತ್ತೆ, ಅದರಲ್ಲಿ ಗಡಸು ಎಷ್ಟು, ಉಪ್ಪು ಎಷ್ಟು ಅಂತ ಹೇಳಲ್ಲ. ಬೋರ್ ನೀರು ಸವಳಾಗಿದ್ರೆ ಅಥವಾ ಫ್ಲೋರೈಡ್ ಇದ್ರೆ ಸೇರಿಸಲೇಬೇಡಿ, ತುಂಗಭದ್ರೆ ನೀರು ಬರೋ ನಲ್ಲಿ ಇದ್ರೆ ಅದನ್ನೇ ಕಾಯಿಸಿ ಬಳಸಿ.

ಫಿಲ್ಟರ್ ತಳವನ್ನ ಬೆಳಕಿಗೆ ಹಿಡಿದು ನೋಡಿ. ತೂತು ಮಂಕಾಗಿ ಕಂಡ್ರೆ ಸುಣ್ಣವೂ ಕಾಫಿ ಎಣ್ಣೆಯೂ ಕಟ್ಟಿಕೊಂಡಿವೆ. ನಿಂಬೆರಸ ಹಾಕಿದ ಬಿಸಿನೀರಲ್ಲಿ ಅರ್ಧ ಗಂಟೆ ನೆನೆಸಿ ಬ್ರಶ್‌ನಿಂದ ಉಜ್ಜಿ. ಕಲಾಯಿ ಮಾಡಿದ ಹಿತ್ತಾಳೆ ಫಿಲ್ಟರಿಗೆ ಹುಳಿ ತಾಗಿಸಬೇಡಿ.

ಜರಡಿ ನಂಬರ್ 17:
ಪೀಬೆರಿ ಅಂದ್ರೆ ಹಣ್ಣಿನೊಳಗೆ ಎರಡರ ಬದಲು ಒಂದೇ ದುಂಡು ಬೀಜ ಬೆಳೆದದ್ದು. ಪ್ಲಾಂಟೇಶನ್ ಎ ಅಂದ್ರೆ ಪಲ್ಪ್ ಮಾಡಿ (ಹಣ್ಣಿನ ಸಿಪ್ಪೆ, ತಿರುಳು ತೆಗೆದು) ತೊಳೆದು ಒಣಗಿಸಿದ ಅರೇಬಿಕಾ ಜಾತಿಯ ಕಾಫಿ, 6.65 ಮಿ.ಮೀ. ಜರಡಿ ಮೇಲೆ ನಿಲ್ಲುವ ಗಾತ್ರ. ಎರಡೂ ಆಕಾರ, ಗಾತ್ರದ ಹೆಸರುಗಳು. ಹುರಿದದ್ದು ಯಾವಾಗ ಅನ್ನೋದು ಅದರಲ್ಲಿ ಇಲ್ಲ, ಲೋಟದ ರುಚಿಗೆ ಅದೇ ಮುಖ್ಯ. ಪೀಬೆರಿ ಶ್ರೇಷ್ಠ ಅಂತ ಬರೆದ ಕೆಳಗೇ ಕೊಳ್ಳುವ ಲಿಂಕ್ ಇದ್ರೆ ಅದನ್ನ ಜಾಹೀರಾತು ಅಂತಲೇ ಓದಿ.

ಮೂಲ ಬೇಕಂದ್ರೆ ಕಾಫಿ ಬೋರ್ಡ್ ಜಾಲತಾಣ ನೋಡಿ: ಬೆಳೆ ಅಂದಾಜು, ಮಾರುಕಟ್ಟೆ ದರ ಅಲ್ಲಿರುತ್ತೆ. ಹುರಿಯೋದು, ಕುದಿಸೋದು ಕಲಿಯೋರಿಗೆ ಬೋರ್ಡ್‌ನದೇ 'ಕಾಪಿ ಶಾಸ್ತ್ರ' ತರಬೇತಿ ಇದೆ. ತಳಿ ವಿಷಯಕ್ಕೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, 1925ರಿಂದ ಇದೆ. ಚಂದ್ರಗಿರಿ ಅನ್ನೋ ಅರೇಬಿಕಾ ತಳಿ ಬಿಡುಗಡೆ ಮಾಡಿದ್ದು ಅವರೇ. ಯಾರಾದ್ರೂ ಬಾಬಾಬುಡನಗಿರಿ ಅರೇಬಿಕಾ ಅಂತ ಮಾರಿದ್ರೆ ಯಾವ ಎಸ್ಟೇಟ್, ಯಾವ ಸುಗ್ಗಿ ಅಂತ ಕೇಳಿ. ಆ ಹೆಸರಿಗೆ 2019ರಿಂದ ಭೌಗೋಳಿಕ ಗುರುತು (ಜಿಐ ಟ್ಯಾಗ್) ಇದೆ. ಗುಂಪುಗಳಲ್ಲೂ ಅಷ್ಟೇ: ಉತ್ತರ ಹೇಳೋ ಮೊದಲು "ಎಷ್ಟು ಗ್ರಾಂ, ಯಾವ ನೀರು" ಅಂತ ತಿರುಗಿ ಕೇಳೋರ ಮಾತಿಗೆ ಕಿವಿಗೊಡಿ.

ಸಿಂಧನೂರಿನವ:
ಪಾಕೀಟು ನೋಡಿದೆ, 53:47 ಅದ. ಪ್ಯಾಕ್ ಮಾಡಿದ ತಾರೀಖು ಅದ, ಹುರಿದ ತಾರೀಖು ಇಲ್ಲ.

ಗಂಗಾವತಿ ಫಿಲ್ಟರ್:
ಹಂಗಿದ್ರ ಸಪ್ಪಗಾಗೋದು ಸಹಜ. ಮುಂದಿನ ಸಲ 80:20, ಹುರಿದ ತಾರೀಖು ಇರೋದು, 250 ಗ್ರಾಂ ಅಷ್ಟೇ ತರಿಸ್ರಿ. ಪಾಕೀಟು ಒಡೆದ ಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ, ಎರಡು ಮೂರು ವಾರದಾಗ ಮುಗಿಸ್ರಿ. ನೀರನ್ನೂ ಪುಡಿಯನ್ನೂ ಒಮ್ಮೆಗೇ ಬದಲಿಸಬ್ಯಾಡ್ರಿ, ಯಾವುದರಿಂದ ರುಚಿ ತಿರುಗಿತು ಅಂತ ಗೊತ್ತಾಗಂಗಿಲ್ಲ.